ವಿಜಯನಗರದಲ್ಲಿ ಕೂತು ವಿಜಯನಗರ ರಿಪೇರಿ

ನಮ್ಮ ಮನೆ ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ಇಲ್ಲಿ ಕೂತು ಎರಡು ವಾರ ಕಂಪ್ಯೂಟರ್ ಆಟದೊಳಗಿನ ಇನ್ನೊಂದು ವಿಜಯನಗರವನ್ನು ರಿಪೇರಿ ಮಾಡಿದೆ. ಆಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಅದರಲ್ಲಿ ಬರೆದುಕೊಂಡಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಟದ ಹೆಸರು ಯೂರೋಪಾ ಯೂನಿವರ್ಸಾಲಿಸ್ ಫೋರ್. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2013ರಲ್ಲಿ ತಂದದ್ದು. 1444ರ ನವೆಂಬರ್ 11ಕ್ಕೆ ಶುರುವಾಗಿ 1821ರವರೆಗೆ ಹೋಗುತ್ತದೆ. ಆ ಕಾಲದ ಯಾವುದಾದರೂ ರಾಜ್ಯವನ್ನು ಆರಿಸಿಕೊಂಡು ನಡೆಸಬೇಕು. ನನ್ನ ತಮ್ಮ ವಿಜಯನಗರವನ್ನು ಆರಿಸಿಕೊಂಡಿದ್ದ. ಶುರುವಿನಲ್ಲಿ ರಾಜ ಇಮ್ಮಡಿ ದೇವರಾಯ. ತಮ್ಮ ತುಮಕೂರಿನಲ್ಲಿ ಓದುತ್ತಾನೆ, ಹಾಸ್ಟೆಲ್‌ನಲ್ಲಿದ್ದಾನೆ. ರಜೆಯಲ್ಲಿ ಬಂದಾಗ ಹಗಲು ರಾತ್ರಿ ಆಡಿ ಬಹಮನಿ ಸುಲ್ತಾನರನ್ನು ನುಂಗಿ, ಒರಿಸ್ಸಾ ನುಂಗಿ, ಕೊನೆಗೆ ಮಾಳ್ವಾವನ್ನೂ ನುಂಗಿದ್ದ. ಆಮೇಲೆ ಎಲ್ಲಾ ಕೆಟ್ಟಿತು.

"ಅಕ್ಕಾ, ರಾಜ್ಯ ದೊಡ್ಡದಾಯ್ತು, ಆದ್ರೆ ಎಲ್ಲಾ ಕಡೆ ದಂಗೆ. ಸಾಲ ಬೇರೆ. ನೀನು ಲೆಕ್ಕ ನೋಡೋಳಲ್ವಾ, ಸ್ವಲ್ಪ ನೋಡೇ" ಅಂದ. ನಾನು ಚಿಕ್ಕಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಈ ಆಟವನ್ನು ನಾನೂ ವರ್ಷಗಟ್ಟಲೆ ಆಡಿದ್ದೇನೆ. ಒಪ್ಪಿಕೊಂಡೆ. ಮೂರು ಷರತ್ತು ಹಾಕಿಕೊಂಡೆ. ಹಿಂದಿನ ಸೇವ್‌ಗೆ ಹೋಗುವುದಿಲ್ಲ. ದಿವಾಳಿ ಘೋಷಿಸುವುದಿಲ್ಲ. ಅಡ್ಡದಾರಿಯ ಕೋಡ್ ಹಾಕುವುದಿಲ್ಲ.

ಮೊದಲ ರಾತ್ರಿ: ಗಡಿಯಾರ ನಿಲ್ಲಿಸಿ ಲೆಕ್ಕ (ಆಟದಲ್ಲಿ 1527, ಮಾರ್ಚ್)

ಆ ರಾತ್ರಿ ಆಟದ ಒಂದು ದಿನವನ್ನೂ ಮುಂದೆ ಬಿಡಲಿಲ್ಲ. ಸ್ಪೇಸ್ ಬಾರ್ ಒತ್ತಿದರೆ ಕಾಲ ನಿಲ್ಲುತ್ತದೆ. ನಿಂತೇ ಇರಲಿ ಅಂತ ಬಿಟ್ಟು ಲೆಡ್ಜರ್ ತೆರೆದೆ. ಈ ಆಟದಲ್ಲಿ ನಿಜವಾಗಲೂ ಲೆಡ್ಜರ್ ಅಂತಲೇ ಒಂದು ಪುಸ್ತಕ ಇದೆ. ಪುಟದ ಮೇಲೆ ಪುಟ, ಯಾವ ರಾಜ್ಯದ ಸೈನ್ಯ ಎಷ್ಟು, ಆದಾಯ ಎಷ್ಟು, ಸಾಲ ಎಷ್ಟು ಎಲ್ಲಾ ಅದರಲ್ಲಿ ಸಿಗುತ್ತದೆ. ಜಾಸ್ತಿ ಜನ ಅದನ್ನು ತೆರೆಯುವುದೇ ಇಲ್ಲ. ನನಗೆ ಇಡೀ ಆಟದಲ್ಲಿ ತುಂಬಾ ಇಷ್ಟವಾದ ಜಾಗ ಅದು.

ನೋಟ್‌ಬುಕ್‌ನ ಮೊದಲ ಪುಟ ಹೀಗಿತ್ತು. ಖಜಾನೆಯಲ್ಲಿ 23 ಡಕಟ್ (ಆಟದ ನಾಣ್ಯ). ತಿಂಗಳಿಗೆ 19 ಡಕಟ್ ನಷ್ಟ. 14 ಸಾಲ, ಒಂದೊಂದೂ 180ರದ್ದು, ಒಟ್ಟು 2,520. ವರ್ಷಕ್ಕೆ 4 ಪರ್ಸೆಂಟ್ ಬಡ್ಡಿ. ಅಂದರೆ ತಿಂಗಳಿಗೆ ಎಂಟು ಡಕಟ್ಟಿನ ಮೇಲೆ ಬಡ್ಡಿಗೇ ಹೋಗುತ್ತಿತ್ತು. ಸ್ಟೆಬಿಲಿಟಿ, ಅಂದರೆ ರಾಜ್ಯದ ಸ್ಥಿರತೆ, ಮೈನಸ್ 2. ಇದರ ಅಳತೆ ಮೈನಸ್ 3ರಿಂದ ಪ್ಲಸ್ 3ರವರೆಗೆ, ಹಾಗಾಗಿ ನಾವು ತಳದಿಂದ ಒಂದೇ ಮೆಟ್ಟಿಲು ಮೇಲೆ. ಯುದ್ಧದ ದಣಿವು 8. ನಾಲ್ಕು ಕಡೆ ದಂಗೆಯ ತಯಾರಿ 70 ಪರ್ಸೆಂಟ್ ದಾಟಿತ್ತು. ಗುಜರಾತ್, ದೆಹಲಿ, ಬಂಗಾಳ ಎಲ್ಲಾ ನಮ್ಮ ವಿರುದ್ಧ ಕೂಟ ಕಟ್ಟಿಕೊಂಡಿದ್ದವು. ಅವರ ಜೊತೆಗಿನ ಕದನವಿರಾಮ 1532ರ ಆಗಸ್ಟ್‌ವರೆಗೆ.

ಇವೆಲ್ಲಕ್ಕಿಂತ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಅಂಕಿ: ಓವರ್‌ಎಕ್ಸ್‌ಟೆನ್ಷನ್ 164 ಪರ್ಸೆಂಟ್. ಅರಗಿಸಿಕೊಳ್ಳದೆ ಎಷ್ಟು ನೆಲ ನುಂಗಿದ್ದೇವೆ ಅನ್ನುವುದರ ಅಳತೆ ಅದು.

ಈ ಅಂಕಿ ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಅರ್ಧ ರಿಪೇರಿ ಆದ ಹಾಗೆ. ಪ್ರತಿ ಪ್ರಾಂತ್ಯಕ್ಕೂ ಡೆವಲಪ್‌ಮೆಂಟ್ ಅಂತ ಒಂದು ಅಂಕಿ ಇರುತ್ತದೆ. ಅದು ಆ ಊರಿನ ತೆರಿಗೆ, ಉತ್ಪಾದನೆ, ಜನಬಲ ಮೂರೂ ಸೇರಿದ ತೂಕ. ಯುದ್ಧದಲ್ಲಿ ಗೆದ್ದ ಪ್ರಾಂತ್ಯ ತಕ್ಷಣ ನಮ್ಮದಾಗುವುದಿಲ್ಲ. ಅದನ್ನು ಕೋರ್ ಮಾಡಬೇಕು, ಅಂದರೆ ನಮ್ಮ ಆಡಳಿತ ಅಲ್ಲಿ ಬೇರೂರಬೇಕು. ಕೋರ್ ಆಗುವವರೆಗೆ ಅದರ ಒಂದೊಂದು ಡೆವಲಪ್‌ಮೆಂಟ್‌ಗೂ ಒಂದೊಂದು ಪರ್ಸೆಂಟ್ ಓವರ್‌ಎಕ್ಸ್‌ಟೆನ್ಷನ್. ತಮ್ಮ ಒರಿಸ್ಸಾದಿಂದ 92, ಮಾಳ್ವಾದಿಂದ 72 ತಂದಿದ್ದ. ಕೂಡಿದರೆ 164. ಯಾವುದನ್ನೂ ಕೋರ್ ಮಾಡಿರಲಿಲ್ಲ.

ಯಾಕೆ ಮಾಡಿರಲಿಲ್ಲ? ಅಡ್ಮಿನ್ ಪಾಯಿಂಟ್, ಅಂದರೆ ಆಡಳಿತದ ಕೆಲಸಗಳಿಗೆ ಖರ್ಚು ಮಾಡುವ ಪಾಯಿಂಟ್, ಇರಲಿಲ್ಲ. ಕೋರ್ ಮಾಡಲು ಒಂದು ಡೆವಲಪ್‌ಮೆಂಟ್‌ಗೆ ಮೂಲ ದರ 10 ಪಾಯಿಂಟ್. ಪೂರ್ಣ ರಾಜ್ಯಭಾಗವಾಗಿ ಸೇರಿಸಿಕೊಳ್ಳದೆ ಬರೀ ಟೆರಿಟರಿಯಾಗಿ ಇಟ್ಟುಕೊಂಡರೆ ಅರ್ಧ, ಅಂದರೆ 5. 164 ಇಂಟು 5, 820 ಪಾಯಿಂಟ್. ಕೈಯಲ್ಲಿದ್ದದ್ದು 41. ತಿಂಗಳಿಗೆ ಬರುತ್ತಿದ್ದದ್ದು 5: ಎಲ್ಲರಿಗೂ ಸಿಗುವ ಮೂಲ 3, ರಾಜನ ಆಡಳಿತ ಗುಣದಿಂದ 1, ಮಂತ್ರಿಯಿಂದ 1.

ಅಲ್ಲಿಗೆ ಬಂದಾಗ ಪೆನ್ನು ನಿಂತಿತು. ಒಂದು ಡೆವಲಪ್‌ಮೆಂಟ್‌ಗೆ ಸರಿಯಾಗಿ ಒಂದು ತಿಂಗಳ ಪಾಯಿಂಟ್. 164 ಡೆವಲಪ್‌ಮೆಂಟ್, 164 ತಿಂಗಳು. ಸುಮಾರು ಹದಿಮೂರೂವರೆ ವರ್ಷ. ನಮ್ಮ ಅಂಗಡಿಯಲ್ಲಿ ಗೋಡೌನ್ ತುಂಬಾ ಸರಕು ತಂದಿಟ್ಟು ದಿನಕ್ಕೆ ಒಂದೇ ಸೀರೆ ಮಾರುತ್ತಾ ಕೂತ ಹಾಗೆ. ಸರಕು ನಮ್ಮದೇ, ಆದರೆ ಅದರ ಬಡ್ಡಿ ನಮ್ಮನ್ನು ತಿನ್ನುತ್ತದೆ.

ತಮ್ಮ ದಂಗೆಗಳನ್ನು ನೋಡುತ್ತಿದ್ದ. ದಂಗೆ ಎದ್ದ ಕಡೆಗೆಲ್ಲಾ ಸೈನ್ಯ ಓಡಿಸುತ್ತಿದ್ದ. ಸೈನ್ಯಕ್ಕೆ ಸಾಲ, ಸಾಲಕ್ಕೆ ಬಡ್ಡಿ, ದಂಗೆಗೆ ಮತ್ತೆ ಸೈನ್ಯ. ಆದರೆ ಓವರ್‌ಎಕ್ಸ್‌ಟೆನ್ಷನ್ ಹೆಚ್ಚಿದಷ್ಟೂ ಇಡೀ ರಾಜ್ಯದಲ್ಲಿ ಅಶಾಂತಿ ಏರುತ್ತದೆ, ಸ್ಟೆಬಿಲಿಟಿ ಏರಿಸುವ ಖರ್ಚು ಏರುತ್ತದೆ, ನೆರೆಯವರ ಕೋಪ ಇಳಿಯುವುದು ನಿಧಾನವಾಗುತ್ತದೆ. 100 ದಾಟಿದರೆ ಭ್ರಷ್ಟಾಚಾರ ಏರುತ್ತದೆ, ಕೆಟ್ಟ ಘಟನೆಗಳು ಒಂದರ ಹಿಂದೆ ಒಂದು ಬರುತ್ತವೆ. ಹೊಗೆ ಎಲ್ಲಾ ಕಡೆ ಕಾಣುತ್ತಿತ್ತು, ಒಲೆ ಇದ್ದದ್ದು ಒಂದೇ ಕಡೆ.

ಎರಡನೇ ರಾತ್ರಿ: ಒರಿಸ್ಸಾ ಬಿಟ್ಟುಕೊಟ್ಟೆ

ಮಾರ್ಗ ಒಂದೇ ಇತ್ತು. ಜೀರ್ಣವಾಗದ್ದನ್ನು ಕೊಟ್ಟುಬಿಡಬೇಕು. ದಂಗೆಕೋರರು ಕಿತ್ತುಕೊಳ್ಳುವ ಮೊದಲೇ, ಯಾರಿಗೆ ಅಂತ ನಾವೇ ಆರಿಸಿ ಕೊಡಬೇಕು.

ಒರಿಸ್ಸಾ ರಾಜ್ಯ ನಕ್ಷೆಯಿಂದ ಅಳಿಸಿಹೋಗಿದ್ದರೂ ಅದರ ಕೋರ್‌ಗಳು ಆ ನೆಲದಲ್ಲಿ ಇನ್ನೂ ಇದ್ದವು. ಹಾಗಿದ್ದರೆ ಅದನ್ನು ನಮ್ಮ ಕೆಳಗಿನ ಸಾಮಂತ ರಾಜ್ಯವಾಗಿ ಮತ್ತೆ ಎಬ್ಬಿಸಬಹುದು. ಯಾವ ಪ್ರಾಂತ್ಯಗಳು ಹೋಗುತ್ತವೆ ಅಂತ ಆಟ ಮೊದಲೇ ತೋರಿಸುತ್ತದೆ. ಒತ್ತುವ ಮೊದಲು ತಮ್ಮನಿಗೆ ಫೋನ್ ಮಾಡಿದೆ. ಆಟ ಅವನದು, ಕೇಳದೆ ಮಾಡಬಾರದು ಅನಿಸಿತು.

"ಅಕ್ಕಾ, ಆ ಯುದ್ಧಕ್ಕೆ ನಾನು ಒಂಬತ್ತು ವರ್ಷ ಖರ್ಚು ಮಾಡಿದ್ದೀನಿ. ವಾಪಸ್ ಕೊಡ್ತೀಯಾ?" ಅಂದ. ಬೇಜಾರಾಗಿತ್ತು ಅವನಿಗೆ.

ಆಗ ಅವನಿಗೆ ನಿಜವಾದ ಕೃಷ್ಣದೇವರಾಯನ ಕಥೆ ಹೇಳಿದೆ. ಆಟದಲ್ಲಿ ನಾವಿದ್ದದ್ದು 1527. ಇತಿಹಾಸದಲ್ಲಿ ಆಗ ಆಳುತ್ತಿದ್ದವನು ಅವನೇ, 1509ರಿಂದ 1529ರವರೆಗೆ. ಅವನೂ ಒರಿಸ್ಸಾದ ಗಜಪತಿಗಳ ಮೇಲೆ ಹೋಗಿದ್ದ. ಉದಯಗಿರಿ ಹಿಡಿದ. 1515ರಲ್ಲಿ ಕೊಂಡವೀಡು ಹಿಡಿದ. ಸಿಂಹಾಚಲದವರೆಗೆ ಹೋದ, ಅಲ್ಲಿ ಅವನ ಶಾಸನಗಳಿವೆ. ಅಷ್ಟು ದೂರ ಗೆದ್ದ ಮೇಲೆ ಪ್ರತಾಪರುದ್ರ ಗಜಪತಿಯ ಜೊತೆ ಸಂಧಿ ಮಾಡಿಕೊಂಡು, ಅವನ ಮಗಳನ್ನು ಮದುವೆಯಾಗಿ, ಕೃಷ್ಣಾ ನದಿಯ ಉತ್ತರದ ನೆಲವನ್ನು ವಾಪಸ್ ಕೊಟ್ಟ. ನಮ್ಮ ಶಾಲೆಯ ಪಾಠದಲ್ಲಿ ಅವನು ಗೆದ್ದ ಊರುಗಳ ಪಟ್ಟಿ ಬಾಯಿಪಾಠ ಮಾಡಿಸಿದರು. ವಾಪಸ್ ಕೊಟ್ಟದ್ದನ್ನು ಯಾರೂ ಒತ್ತಿ ಹೇಳಲಿಲ್ಲ. ನನಗೆ ಅವನ ಮೇಲೆ ಗೌರವ ಹೆಚ್ಚಾದದ್ದೇ ಆ ಸಂಧಿಯ ವಿಷಯ ಓದಿದ ಮೇಲೆ. ನದಿ ದಾಟಿ ಆಳುವುದಕ್ಕೆ ಎಷ್ಟು ಜನ, ಎಷ್ಟು ಹಣ ಬೇಕು ಅಂತ ಅವನಿಗೆ ಗೊತ್ತಿತ್ತು.

ತಮ್ಮ ಸ್ವಲ್ಪ ಹೊತ್ತು ಸುಮ್ನಿದ್ದ. "ಸರಿ, ಮಾಡು" ಅಂದ.

ಒತ್ತಿದೆ. 164 ಒಮ್ಮೆಗೇ 72ಕ್ಕೆ ಇಳಿಯಿತು. ಒರಿಯಾ ಪ್ರತ್ಯೇಕತೆಯ ದಂಗೆಯೂ ಅದರ ಜೊತೆಗೇ ಹೋಯಿತು, ಅವರು ಕೇಳುತ್ತಿದ್ದ ರಾಜ್ಯ ಅವರಿಗೆ ಸಿಕ್ಕಿತಲ್ಲ. ಅಲ್ಲಿನ ಕೋಟೆಗಳ ಖರ್ಚೂ ನಮ್ಮ ಲೆಕ್ಕದಿಂದ ಹೋಯಿತು.

ಆಮೇಲೆ ಖಾಂದೇಶ. ಅದು ಮೊದಲಿಂದಲೂ ನಮ್ಮ ಸಾಮಂತ ರಾಜ್ಯ, ಮಾಳ್ವಾದ ಪಕ್ಕದಲ್ಲೇ ಇದೆ. ಗಡಿಗೆ ಅಂಟಿಕೊಂಡ 26 ಡೆವಲಪ್‌ಮೆಂಟ್‌ನಷ್ಟು ನೆಲವನ್ನು ಅವರಿಗೆ ಕೊಟ್ಟೆ. ಇನ್ನು ಅದನ್ನು ಕೋರ್ ಮಾಡುವುದು ಅವರ ಪಾಯಿಂಟ್, ಅವರ ತಲೆನೋವು. ಹೀಗೆ ಕೊಡುವಾಗ ಒಂದು ಎಚ್ಚರ ಬೇಕು. ಸಾಮಂತರಿಗೂ ಓವರ್‌ಎಕ್ಸ್‌ಟೆನ್ಷನ್ ಇರುತ್ತದೆ. ಚಿಕ್ಕ ರಾಜ್ಯಕ್ಕೆ ಒಮ್ಮೆಗೇ ಜಾಸ್ತಿ ಹೇರಿದರೆ ನಮ್ಮ ಕಾಯಿಲೆಯನ್ನು ಅವರಿಗೆ ಹತ್ತಿಸಿದ ಹಾಗೆ. 26 ಅವರಿಗೆ ತಡೆಯುವಂಥದ್ದೇ.

ಉಳಿದದ್ದು 46. ಮಾಳ್ವಾದ ಒಳ್ಳೆಯ ಮೂರು ಪ್ರಾಂತ್ಯ, 18, 16, 12ರವು.

ಮೂರನೇ ರಾತ್ರಿ: ಮಂತ್ರಿ, ಸೈನ್ಯ, ಸಾಲ

46ಕ್ಕೆ 230 ಪಾಯಿಂಟ್ ಬೇಕು. ಕೈಯಲ್ಲಿ 41. ಇನ್ನು 189. ತಿಂಗಳಿಗೆ 5ರಂತೆ ಸುಮಾರು 38 ತಿಂಗಳು. ಮಂತ್ರಿಯನ್ನು ಒಂದನೇ ಹಂತದಿಂದ ಮೂರನೇ ಹಂತಕ್ಕೆ ಏರಿಸಿದರೆ ತಿಂಗಳಿಗೆ 7, ಸರಿಯಾಗಿ 27 ತಿಂಗಳು. ಸಾಲದಲ್ಲಿದ್ದಾಗ ದುಬಾರಿ ಮಂತ್ರಿ ಯಾಕೆ ಅಂತ ತಮ್ಮ ಕೇಳಿದ. ಖರ್ಚು ಕಡಿಮೆ ಮಾಡುವಾಗ ಎಲ್ಲರೂ ಮೊದಲು ಮಂತ್ರಿಗಳನ್ನೇ ತೆಗೆಯುತ್ತಾರೆ. ನನ್ನ ಪ್ರಕಾರ ಅದು ತಪ್ಪು. ಈ ರಾಜ್ಯಕ್ಕೆ ಹಣಕ್ಕಿಂತ ದೊಡ್ಡ ಕೊರತೆ ಅಡ್ಮಿನ್ ಪಾಯಿಂಟ್‌ನದು. ಕೊರತೆ ಇರುವುದನ್ನೇ ಉತ್ಪಾದಿಸುವವನನ್ನು ತೆಗೆದರೆ ಹೇಗೆ?

ಮಂತ್ರಿಗೆ ಹಣ ಬೇಕಲ್ಲ. ಭೂಮಿಯ ಹಕ್ಕುಗಳನ್ನು ಒಡೆಯರ ವರ್ಗಗಳಿಗೆ ಮಾರುವ ಒಂದು ದಾರಿ ಆಟದಲ್ಲಿದೆ. ಅರಮನೆಯ ಸ್ವಂತ ಭೂಮಿ ಸ್ವಲ್ಪ ಕಡಿಮೆಯಾಗುತ್ತದೆ, ಕೈಗೆ ದುಡ್ಡು ಬರುತ್ತದೆ. ಒಂದೇ ಸಲ ಮಾಡಿದೆ, ಮಂತ್ರಿಯನ್ನು ಕರೆತಂದೆ.

ಸೈನ್ಯ 58 ದಳ ಇತ್ತು, ಮಿತಿ 51. ಮಿತಿ ಮೀರಿದರೆ ಖರ್ಚು ಜೋರಾಗಿ ಏರುತ್ತದೆ. ಮೀರಿದ್ದ ಏಳೂ ಕೂಲಿ ಸೈನಿಕರ ದಳ. ಕಳಿಸಿಬಿಟ್ಟೆ. ದಖ್ಖನ್ನಿನ ಒಳಗೆ ಈಗ ಶತ್ರುವೇ ಇಲ್ಲದ ಐದು ಕೋಟೆಗಳಿದ್ದವು. ಅವುಗಳ ಕಾವಲು ತೆಗೆದು ಅರ್ಧ ಖರ್ಚಿಗೆ ಇಳಿಸಿದೆ. ಯುದ್ಧದ ದಣಿವಿಗೆ ಡಿಪ್ಲೊಮ್ಯಾಟಿಕ್ ಪಾಯಿಂಟ್ ಬಳಸಿದೆ. 75 ಕೊಟ್ಟರೆ ದಣಿವು 2 ಇಳಿಯುತ್ತದೆ. 310 ಇತ್ತು, ಮೂರು ಸಲ ಒತ್ತಿದೆ. ದಣಿವು 8ರಿಂದ 2ಕ್ಕೆ, ಪಾಯಿಂಟ್ 85ಕ್ಕೆ.

ಮಾಳ್ವಾದ ಮೂರು ಪ್ರಾಂತ್ಯದಲ್ಲಿ ಸ್ವಾಯತ್ತತೆ ಏರಿಸಿದೆ. ಒಮ್ಮೆ ಏರಿಸಿದರೆ 25 ಪರ್ಸೆಂಟ್ ಸ್ವಾಯತ್ತತೆ ಕೂಡುತ್ತದೆ, ಅಶಾಂತಿ 10 ಇಳಿಯುತ್ತದೆ. ಅಲ್ಲಿಂದ ಬರುವ ತೆರಿಗೆ ಕಡಿಮೆಯಾಗುತ್ತದೆ, ನಿಜ. ಆದರೆ ಬೇರೂರದ ಊರಿನಿಂದ ಬರುತ್ತಿದ್ದ ತೆರಿಗೆಯಾದರೂ ಎಷ್ಟಿತ್ತು?

ಎಲ್ಲಾ ಮುಗಿಸಿದಾಗ ತಿಂಗಳ ನಷ್ಟ 19ರಿಂದ 4ಕ್ಕೆ ಬಂದಿತ್ತು. ಆಗ ಮೊದಲ ಸಲ ಸ್ಪೇಸ್ ಬಾರ್ ಒತ್ತಿ ಕಾಲವನ್ನು ಬಿಟ್ಟೆ. ಎರಡನೇ ವೇಗದಲ್ಲಿ. ಅಮ್ಮ ಬಂದು "ಇನ್ನೂ ಮಲಗಿಲ್ವೇನೇ?" ಅಂದರು. ಗಡಿಯಾರ ಹನ್ನೆರಡೂಮುಕ್ಕಾಲು.

ಐದನೇ ರಾತ್ರಿ: ನಾನು ಮಾಡಿದ ತಪ್ಪು, ಮತ್ತು ಮಳೆ (1527 ಅಕ್ಟೋಬರ್‌ನಿಂದ 1528)

1527ರ ಅಕ್ಟೋಬರ್‌ಗೆ 90 ಪಾಯಿಂಟ್ ಆಯಿತು. 18ರ ಪ್ರಾಂತ್ಯದಲ್ಲಿ ಕೋರ್ ಶುರು ಮಾಡಿದೆ. ಶುರು ಮಾಡಿದರೆ ಸಾಲದು, ಮುಗಿಯಲು ಸಾಧಾರಣವಾಗಿ 36 ತಿಂಗಳು ಬೇಕು. ಅಲ್ಲಿಯವರೆಗೆ ಆ 18 ಪರ್ಸೆಂಟ್ ಹಾಗೇ ನಿಂತಿರುತ್ತದೆ.

ಕಾಯಬೇಕಲ್ಲ, ಈ ಮಧ್ಯೆ ಸ್ವಲ್ಪ ಹಣ ಉಳಿಸೋಣ ಅನಿಸಿತು. ಸೈನ್ಯದ ನಿರ್ವಹಣೆಯ ಖರ್ಚಿಗೆ ಒಂದು ಎಳೆಯುವ ಪಟ್ಟಿ ಇದೆ. ಅದನ್ನು ಪೂರ್ತಿ ಕೆಳಗೆ ಎಳೆದೆ. ತಿಂಗಳ ಲೆಕ್ಕ ಒಮ್ಮೆಗೇ ಪ್ಲಸ್ 9. ಎಷ್ಟು ತಿಂಗಳ ಮೇಲೆ ಹಸಿರು ಅಂಕಿ! ಮನಸ್ಸಿಗೆ ತುಂಬಾ ಸಮಾಧಾನವಾಯಿತು.

1528ರ ಏಪ್ರಿಲ್‌ನಲ್ಲಿ ಚಂದೇರಿಯ ಕಡೆ 16,000 ದಂಗೆಕೋರರು ಎದ್ದರು. ನನ್ನ 18,000 ಪಕ್ಕದಲ್ಲೇ ಇದ್ದರು. ಸಂಖ್ಯೆಯಲ್ಲಿ ಜಾಸ್ತಿ, ಆದರೆ ಸಂಬಳ ಇಲ್ಲದ ಸೈನ್ಯಕ್ಕೆ ಮನೋಬಲ ಇರುವುದಿಲ್ಲ. ಪಟ್ಟಿಯನ್ನು ಮತ್ತೆ ಮೇಲೆ ಎಳೆದರೂ ಮನೋಬಲ ಬರಲು ತಿಂಗಳುಗಳು ಬೇಕು. ಕೆಲವೇ ದಿನದ ಕಾದಾಟ. ನನ್ನವರು ಚದುರಿ ಓಡಿದರು, 9,000 ಜನ ಹೋದರು. ನೋಟ್‌ಬುಕ್‌ನಲ್ಲಿ ಆ ಸಾಲನ್ನು ಬರೆಯುವಾಗ ನಿಜವಾಗಲೂ ಸಂಕಟವಾಯಿತು. ದಂಗೆ 70 ಪರ್ಸೆಂಟ್ ದಾಟಿದೆ ಅಂತ ನಾನೇ ಮೊದಲ ಪುಟದಲ್ಲಿ ಬರೆದಿದ್ದೆ. ಅದನ್ನು ಮತ್ತೆ ತಿರುವಿ ನೋಡಿರಲಿಲ್ಲ.

ಸೋಲು ಸೋಲೇ, ಇದರ ಮೇಲೇ ಮುಂದೆ ಕಟ್ಟಬೇಕು ಅಂತ ಕೂತಿದ್ದೆ. ಅಷ್ಟರಲ್ಲಿ ಹೊರಗೆ ಜೋರು ಮಳೆ, ಗುಡುಗು. ರಸ್ತೆಯ ಟ್ರಾನ್ಸ್‌ಫಾರ್ಮರ್ ಢಂ ಅಂತು. ಕರೆಂಟ್ ಹೋಯಿತು. ನಮ್ಮದು ಹಳೇ ಡೆಸ್ಕ್‌ಟಾಪ್, ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು.

ಬೆಳಗ್ಗೆ ತೆರೆದಾಗ ಇದ್ದದ್ದು 1528ರ ಜನವರಿ 1ರ ಆಟೋಸೇವ್. ಸೋಲು ಇನ್ನೂ ಆಗಿರಲಿಲ್ಲ. ತಮ್ಮನಿಗೆ ಹೇಳಿದೆ. "ಮಳೆ ಮಾಡಿದ್ದು ಕಣಕ್ಕ, ನೀನಲ್ಲ. ಆಡು" ಅಂದ. ಬೇರೆ ಸೇವ್ ಇರಲೂ ಇಲ್ಲ. ಅಲ್ಲಿಂದಲೇ ಆಡಿದೆ, ಆದರೆ ಆ ಸೋಲಿನ ಪುಟವನ್ನು ಹರಿಯಲಿಲ್ಲ. ಈ ಸಲ ಪಟ್ಟಿಯನ್ನು ಪೂರ್ತಿ ಮೇಲಿಟ್ಟೆ. ಸೈನ್ಯವನ್ನು ಮೂರು ಭಾಗ ಮಾಡಿ ಮಾಳ್ವಾದ ಮೂರು ಪ್ರಾಂತ್ಯದಲ್ಲೂ ನಿಲ್ಲಿಸಿದೆ. ಪಡೆ ನಿಂತಿರುವ ಪ್ರಾಂತ್ಯದಲ್ಲಿ ಅಶಾಂತಿ ಇಳಿಯುತ್ತದೆ, ಅವರು ಕಾದಾಡಲೇಬೇಕು ಅಂತಿಲ್ಲ. ಏಪ್ರಿಲ್ ಬಂತು, ಹೋಯಿತು. ದಂಗೆಯ ತಯಾರಿ 80ರ ಹತ್ತಿರ ಹೋಗಿ ಅಲ್ಲೇ ನಿಂತಿತು. ಒಮ್ಮೆ ಮಿಲಿಟರಿ ಪಾಯಿಂಟ್ ಕೊಟ್ಟು ಕಠಿಣ ಕ್ರಮ ಕೈಗೊಂಡು ಅದನ್ನು ಇಳಿಸಿದೆ. ತಿಂಗಳಿಗೆ 4 ಡಕಟ್ ನಷ್ಟ ಮುಂದುವರಿಯಿತು. ಇರಲಿ. ಮತ್ತೊಂದು ಸಾಲ ಬೇಕಾಗಲಿಲ್ಲ, ಮಂತ್ರಿಗೆ ಅಂತ ಹಕ್ಕು ಮಾರಿದ ಹಣದಲ್ಲಿ ಉಳಿದದ್ದು ಅದನ್ನು ತಡೆಯಿತು.

ಮರುದಿನ ಅಂಗಡಿಯಿಂದ ಬರುವಾಗ ಎಸ್.ಪಿ. ರಸ್ತೆಯಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ತಂದು ಹಾಕಿದೆ. ಇದೂ ರಿಪೇರಿಯ ಲೆಕ್ಕಕ್ಕೇ ಸೇರಬೇಕು.

ಆರರಿಂದ ಎಂಟನೇ ರಾತ್ರಿ: ಕಾಯುವುದು (1528ರಿಂದ 1532)

ಇಲ್ಲಿ ಹೇಳುವಂಥದ್ದು ಕಡಿಮೆ. 1528ರ ಅಕ್ಟೋಬರ್‌ಗೆ ಎರಡನೇ ಕೋರ್, 80 ಪಾಯಿಂಟ್. 1529ರ ಜೂನ್‌ಗೆ ಮೂರನೆಯದು, 60. ಆಮೇಲೆ ಬಂದ ಪಾಯಿಂಟೆಲ್ಲಾ ಸ್ಟೆಬಿಲಿಟಿಗೆ. ಓವರ್‌ಎಕ್ಸ್‌ಟೆನ್ಷನ್ 46ರಿಂದ 28 ಆದದ್ದು 1530ರ ಅಕ್ಟೋಬರ್‌ನಲ್ಲಿ, 12 ಆದದ್ದು 1531ರ ಅಕ್ಟೋಬರ್‌ನಲ್ಲಿ, ಸೊನ್ನೆಯಾದದ್ದು 1532ರ ಜೂನ್‌ನಲ್ಲಿ. ಕದನವಿರಾಮ ಮುಗಿಯಲು ಎರಡೇ ತಿಂಗಳು ಬಾಕಿ.

ಆ ಎರಡು ತಿಂಗಳು ನಾನು ಉಸಿರು ಬಿಗಿ ಹಿಡಿದೇ ಆಡಿದೆ. ಕೂಟಕ್ಕೆ ಸೇರಲು ನೆರೆಯವರ ಮನಸ್ಸಿನಲ್ಲಿ ನಮ್ಮ ಆಕ್ರಮಣದ ಕೋಪ 50 ಮುಟ್ಟಿರಬೇಕು. ಗುಜರಾತ್‌ನದ್ದು ಶುರುವಿನಲ್ಲಿ 58 ಇತ್ತು. ಕೋಪ ವರ್ಷಕ್ಕೆ ಮೂಲ ದರದಲ್ಲಿ 2 ಇಳಿಯುತ್ತದೆ. ಓವರ್‌ಎಕ್ಸ್‌ಟೆನ್ಷನ್ ಇದ್ದಾಗ ಅದಕ್ಕಿಂತ ನಿಧಾನ. ಎರಡನೇ ರಾತ್ರಿಯೇ 92 ಇಳಿಸಿದ್ದರ ಲಾಭ ನಿಜವಾಗಿ ಗೊತ್ತಾದದ್ದು ಇಲ್ಲಿ. 164ರಲ್ಲೇ ಕೂತಿದ್ದರೆ ಕೋಪ ಅಲುಗುತ್ತಲೇ ಇರಲಿಲ್ಲ. ಒಬ್ಬ ರಾಯಭಾರಿಯನ್ನು ಐದೂ ವರ್ಷ ಗುಜರಾತ್‌ನಲ್ಲೇ ಇಟ್ಟಿದ್ದೆ, ಸಂಬಂಧ ಸುಧಾರಿಸಲು. ಜುಲೈನಲ್ಲಿ ಕೋಪ 49ಕ್ಕೆ ಬಂತು. ಗುಜರಾತ್ ಕೂಟ ಬಿಟ್ಟಿತು. ಆಗಸ್ಟ್ ಕಳೆಯಿತು. ಯಾರೂ ಯುದ್ಧ ಸಾರಲಿಲ್ಲ.

ಒಂಬತ್ತನೇ ರಾತ್ರಿ: ಸಾಮಂತರ ಮನಸ್ಸು (1533)

ರಿಪೇರಿ ಮುಗಿಯಿತು ಅಂದುಕೊಂಡಾಗಲೇ ಹೊಸ ಬಿರುಕು ಕಂಡಿತು. ಯುದ್ಧದ ಭಯ ಹೋಯಿತಲ್ಲ, ಸಾಲ ಬೇಗ ತೀರಿಸೋಣ ಅಂತ ಸೈನ್ಯವನ್ನು 51ರಿಂದ 40ಕ್ಕೆ ಇಳಿಸಿದ್ದೆ. ಕೆಲವೇ ತಿಂಗಳಲ್ಲಿ ಒರಿಸ್ಸಾದ ಸ್ವಾತಂತ್ರ್ಯದ ಆಸೆ 58 ಪರ್ಸೆಂಟ್. ಖಾಂದೇಶದ್ದು 51. 50 ದಾಟಿದರೆ ಸಾಮಂತರು ನಿಷ್ಠರಲ್ಲ. ಯುದ್ಧದಲ್ಲಿ ನಮಗೆ ನೆರವಾಗುವುದಿಲ್ಲ, ಹೊರಗಿನವರ ಬೆಂಬಲ ಹುಡುಕುತ್ತಾರೆ.

ಒರಿಸ್ಸಾದ ಒಬ್ಬರ ಸೈನ್ಯ ನಮ್ಮ ಮುಂದೆ ಏನೂ ಅಲ್ಲ. ಮತ್ತೆ ಯಾಕೆ? ಕಾರಣ ಹುಡುಕಿ ಪಟ್ಟಿ ನೋಡಿದೆ. ಸಾಮಂತರು ತಮ್ಮೊಬ್ಬರ ಬಲವನ್ನು ನಮ್ಮ ಬಲದ ಜೊತೆ ಹೋಲಿಸುವುದಿಲ್ಲ. ಎಲ್ಲಾ ಸಾಮಂತರ ಬಲ ಸೇರಿಸಿ ಹೋಲಿಸುತ್ತಾರೆ. ಒರಿಸ್ಸಾವನ್ನು ಎಬ್ಬಿಸಿದ್ದು ನಾನು, ಖಾಂದೇಶವನ್ನು ಬೆಳೆಸಿದ್ದು ನಾನು, ನನ್ನ ಸೈನ್ಯವನ್ನು ಕರಗಿಸಿದ್ದೂ ನಾನು. ತಕ್ಕಡಿಯ ಎರಡೂ ತಟ್ಟೆಯನ್ನು ಒಂದೇ ದಿಕ್ಕಿಗೆ ತಳ್ಳಿದ್ದೆ.

ಆ ರಾತ್ರಿ ಆಟ ನಿಲ್ಲಿಸಿ ತುಂಬಾ ಹೊತ್ತು ಯೋಚಿಸಿದೆ. ನಿಜವಾದ ವಿಜಯನಗರವೂ ದೊಡ್ಡ ನಾಡನ್ನು ಹೀಗೇ ಹಿಡಿದಿತ್ತು. ನಾಯಂಕರ ಪದ್ಧತಿ ಅಂದರೆ ಅದೇ ಅಲ್ವಾ. ನಾಯಕನಿಗೆ ಸೀಮೆ ಕೊಡುವುದು. ಅವನು ಅದರ ಆದಾಯದಲ್ಲಿ ಸೈನ್ಯ ಸಾಕಬೇಕು, ಅರಮನೆಗೆ ಪಾಲು ಕಟ್ಟಬೇಕು. ಹಂಪಿಯಿಂದ ಪ್ರತಿ ಊರಿಗೂ ಅಧಿಕಾರಿ ಕಳಿಸುವ ಖರ್ಚಿಲ್ಲ. ನಮ್ಮ ಬೆಂಗಳೂರು ಹುಟ್ಟಿದ್ದೂ ಆ ವ್ಯವಸ್ಥೆಯ ನೆರಳಲ್ಲೇ. 1537ರಲ್ಲಿ ಇಲ್ಲಿ ಮಣ್ಣಿನ ಕೋಟೆ ಕಟ್ಟಿದ ಕೆಂಪೇಗೌಡರು ವಿಜಯನಗರದ ಅಧೀನದ ಯಲಹಂಕ ನಾಡಿನ ಪ್ರಭು. ಅವರು ಸ್ವಂತ ನಾಣ್ಯ ಹೊಡೆಸಿದರು ಅಂತ ಸೆರೆಗೆ ಹಾಕಿದ ಕಥೆಯನ್ನು ನಮ್ಮಲ್ಲಿ ಹೇಳುತ್ತಾರೆ. ಆಟದ ಭಾಷೆಯಲ್ಲಿ ಅದು ಸ್ವಾತಂತ್ರ್ಯದ ಆಸೆ 50 ದಾಟಿದ ಲಕ್ಷಣ. 1565ರಲ್ಲಿ ತಾಳಿಕೋಟೆಯ ಯುದ್ಧದಲ್ಲಿ ಕೇಂದ್ರದ ಸೈನ್ಯ ಮುರಿಯಿತು. ರಾಜಧಾನಿ ಪೆನುಕೊಂಡೆಗೆ ಹೋಯಿತು. ಆಮೇಲೆ ಮಧುರೆ, ತಂಜಾವೂರು, ಜಿಂಜಿ, ಇಕ್ಕೇರಿಯ ನಾಯಕರು ಒಬ್ಬೊಬ್ಬರಾಗಿ ತಮ್ಮ ದಾರಿ ಹಿಡಿದರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯ ಕೈಯಿಂದಲೇ ತೆಗೆದುಕೊಂಡರು. ನಾಯಕರು ಕೆಟ್ಟವರು ಅಂತ ನನಗೆ ಅನಿಸುವುದಿಲ್ಲ. ನಡುವಿನ ಕಂಬ ಗಟ್ಟಿಯಿದ್ದಾಗ ಅವರೂ ಅದಕ್ಕೆ ಒರಗಿಯೇ ನಿಂತಿದ್ದರು.

ಹಾಗಾಗಿ ಮೊದಲು ಕಂಬವನ್ನೇ ಸರಿ ಮಾಡಿದೆ. ಸೈನ್ಯವನ್ನು ಮತ್ತೆ 51ಕ್ಕೆ ತಂದೆ. ಗುಜರಾತ್‌ನಲ್ಲಿದ್ದ ರಾಯಭಾರಿಯನ್ನು ಕಟಕ್‌ಗೆ ಕಳಿಸಿದೆ. ಒರಿಸ್ಸಾ ಎದ್ದಾಗಿನಿಂದ ಸಾಲ ಮಾಡಿಕೊಂಡಿತ್ತು. ಅದನ್ನು ನಮ್ಮ ಖಜಾನೆಯಿಂದ ತೀರಿಸಿದೆ, ಇದಕ್ಕೂ ಆಟದಲ್ಲಿ ಅವಕಾಶವಿದೆ. ಸ್ವಲ್ಪ ಪ್ರತಿಷ್ಠೆ ಬಿಟ್ಟುಕೊಟ್ಟು ಅಲ್ಲಿನ ಅರಸರನ್ನು ಸಮಾಧಾನ ಮಾಡಿದೆ. ನಮ್ಮ ಒಂದು ಸಾಲ ತೀರಿಸುವುದು ಇದರಿಂದ ಒಂದು ವರ್ಷ ಮುಂದೆ ಹೋಯಿತು. 1534ರ ಕೊನೆಗೆ ಒರಿಸ್ಸಾ 44, ಖಾಂದೇಶ 38.

ಕೊನೆಯ ಭಾನುವಾರ: ಆಟ ವಾಪಸ್ (1537)

ತಮ್ಮ ಬಂದ. ಅಮ್ಮ ಅಕ್ಕಿ ರೊಟ್ಟಿ ಮಾಡಿದ್ದರು. ತಟ್ಟೆ ಹಿಡಿದುಕೊಂಡೇ ಕಂಪ್ಯೂಟರ್ ಮುಂದೆ ಕೂತ. ನಾನು ನೋಟ್‌ಬುಕ್ ಅವನ ಕೈಗೆ ಕೊಟ್ಟೆ. 14 ಸಾಲ ಈಗ 3. 1531ಕ್ಕೆ 12 ಇದ್ದವು, 1534ಕ್ಕೆ 8. ಕೋರ್ ಆದ ಊರುಗಳ ಸ್ವಾಯತ್ತತೆ ಇಳಿದಂತೆ ತೆರಿಗೆ ಬಂತು, ಸಾಲ ಕಡಿಮೆಯಾದಂತೆ ಬಡ್ಡಿ ಕಡಿಮೆಯಾಯಿತು, ಹಾಗಾಗಿ ಕೊನೆಯ ವರ್ಷಗಳಲ್ಲಿ ವೇಗ ಬಂತು. ಸ್ಟೆಬಿಲಿಟಿ ಪ್ಲಸ್ 1. ತಿಂಗಳ ಉಳಿತಾಯ 27 ಡಕಟ್. ಕೆಲವು ಊರುಗಳಲ್ಲಿ ನ್ಯಾಯಾಲಯ ಕಟ್ಟಿಸಿದ್ದೆ. ಅದರಿಂದ ಅಶಾಂತಿಯೂ ಇಳಿಯುತ್ತದೆ, ಆ ಊರನ್ನು ಆಳುವ ಭಾರವೂ ಕಡಿಮೆಯಾಗುತ್ತದೆ.

ಅವನು ಅಂಕಿಗಳನ್ನು ಬೇಗ ಬೇಗ ನೋಡಿದ. ಐದನೇ ರಾತ್ರಿಯ ಪುಟದಲ್ಲಿ ನಿಂತು ಎರಡು ಸಲ ಓದಿದ. ಆಮೇಲೆ ಅವನ ಕಣ್ಣು ನೇರವಾಗಿ ಹೋದದ್ದು ಒರಿಸ್ಸಾದ ಮೇಲೆ. ಸಾಮಂತ ರಾಜ್ಯವಾಗಿ ಹತ್ತು ವರ್ಷ ಆದರೆ ಅದನ್ನು ಯುದ್ಧವಿಲ್ಲದೆ ನಮ್ಮೊಳಗೆ ಸೇರಿಸಿಕೊಳ್ಳಬಹುದು. ಆ ಮಾರ್ಚ್‌ಗೆ ಸರಿಯಾಗಿ ಹತ್ತು ವರ್ಷ.

"ಸೇರಿಸ್ಕೊಳ್ಳಲಾ ಅಕ್ಕಾ?"

"ಒಂದು ಡೆವಲಪ್‌ಮೆಂಟ್‌ಗೆ ಎಷ್ಟು ಪಾಯಿಂಟ್?"

"ಎಂಟು."

"92ಕ್ಕೆ?"

ಅವನು ಫೋನ್ ತೆಗೆಯಲು ಹೋದ, ಆಮೇಲೆ ನೋಟ್‌ಬುಕ್‌ನ ಕೊನೆಯ ಖಾಲಿ ಪುಟದಲ್ಲೇ ಗುಣಿಸಿದ. 736. ಮೇಲೆ ಪರದೆಯಲ್ಲಿ ಡಿಪ್ಲೊಮ್ಯಾಟಿಕ್ ಪಾಯಿಂಟ್ 112.

ಪೆನ್ನನ್ನು ಹಾಗೇ ಹಿಡಿದುಕೊಂಡು ಇನ್ನೊಂದು ಸಾಲು ಬರೆದ: ತಿಂಗಳಿಗೆ 6, ಬಾಕಿ 624, 104 ತಿಂಗಳು. ಅದರ ಕೆಳಗೆ, ರಾಯಭಾರಿಯನ್ನು ಕಟಕ್‌ನಿಂದ ಕರೆಸಬಾರದು ಅಂತ ಬರೆದು ಗೆರೆ ಎಳೆದ. ಆಮೇಲೆ ರೊಟ್ಟಿ ಮುಗಿಸಿ, ಕೈ ತೊಳೆದು ಬಂದು, ಸ್ಪೇಸ್ ಬಾರ್ ಒತ್ತಿದ.